ಸ್ವಾಲಾ ಅಂದರೆ

ನಮ್ಮಪ್ಪ ಹಾಲ್ವರ್ದನಿಗೆ ಮೂರು ಮಕ್ಕಳು, ಮೂರೂ ಹಕ್ಕಿ.
ಅಣ್ಣ ಹ್ರಾಫ್ನ್, ಅಂದರೆ ಹೆಗ್ಗಾಗೆ.
ಮೀನಿನ ತಲೆ ಒಣಹಾಕುವ ಚಪ್ಪರದ ಮೇಲೆ
ಅವನ ಬಳಗ ಚಳಿಗಾಲವಿಡೀ ಕೂತು
ಪಂಚಾಯ್ತಿ ಮಾಡುತ್ತಿತ್ತು.
ಅಕ್ಕ ಎರ್ಲಾ, ಕುಂಡೆಕುಸ್ಕ.
ಏಪ್ರಿಲ್ ಕೊನೆಗೆ ಅದು ತಗಡಿನ ಮಾಡಿಗೆ
ಬಾಲ ಕುಣಿಸುತ್ತ ಬಂದಿಳಿದರೆ
ಅಮ್ಮ ಕಿಟಕಿ ತೆಗೆದು ಕೂಗುವಳು:
‘ಎರ್ಲಾ, ನಿನ್ನವರು ಬಂದರು ನೋಡೇ.’

ನಾನು ಸ್ವಾಲಾ. ಅಂಬರಗುಬ್ಬಿ.
ನನ್ನವರು ಯಾರೂ ಬರಲಿಲ್ಲ.
ದಾರಿ ತಪ್ಪಿದ ಹೊರತು
ಈ ದ್ವೀಪಕ್ಕೆ ಬರುವ ಹಕ್ಕಿಯಲ್ಲ ಅದು.
ಆದರೂ ಐಸ್‌ಲ್ಯಾಂಡಿನ ಹಳೆಯ ಟೆಲಿಫೋನ್ ಪುಸ್ತಕ ತೆರೆಯಿರಿ,
ನಮ್ಮಲ್ಲಿ ಹೆಸರು ಹಿಡಿದೇ ಸಾಲು, ಮನೆತನ ಹಿಡಿದಲ್ಲ,
ಸ್ವಾಲಾ, ಸ್ವಾಲಾ, ಸ್ವಾಲಾ,
ತಂತಿಯ ಮೇಲೆ ಒತ್ತೊತ್ತಾಗಿ ಕೂತ ಹಾಗೆ:
ಒಬ್ಬಳು ದಾದಿ, ಒಬ್ಬಳು ಬಸ್ ಓಡಿಸುವವಳು,
ಒಬ್ಬಳು ಸತ್ತು ವರ್ಷವಾದರೂ ನಂಬರ್ ಉಳಿದವಳು.

ಶಾಲೆಯಲ್ಲಿ ಒಮ್ಮೆ, ನಿಮ್ಮ ನಿಮ್ಮ ಹೆಸರಿನ ಚಿತ್ರ ಬರೆಯಿರಿ ಅಂದರು.
ಸ್ಟೇನ್ ಒಂದು ಕಲ್ಲು ಬರೆದು ಆಟಕ್ಕೆ ಓಡಿದ.
ನಾನು ಗಂಟೆ ಹೊಡೆಯುವವರೆಗೂ ಕೂತೆ.
‘ಚೆನ್ನಾಗಿದೆ,’ ಅಂದರು ಟೀಚರ್,
‘ಆದರೆ ಇದು ಕಡಲ ರೀವ, ಮಗು.’

ನನ್ನ ಹೆಸರು ಮಾತ್ರ ಅಪ್ಪ ಹುಡುಕಿದ್ದಲ್ಲ.
ಅಮ್ಮನಿಗೆ ಏಳು ತಿಂಗಳಾಗಿದ್ದಾಗ
ಕನಸಿಗೆ ಒಬ್ಬಳು ಬಂದಳಂತೆ,
ಅಪ್ಪನ ಸೋದರತ್ತೆ, ನೀರಿನಲ್ಲಿ ಹೋದವಳು.
ಒದ್ದೆ ಶಾಲು ಕಳಚದೆ ಒಲೆಯ ಬಳಿ ನಿಂತು
‘ಇಲ್ಲಿ ನನಗಿಷ್ಟು ಜಾಗ ಆದೀತೇ?’ ಅಂದಳಂತೆ.
ಸತ್ತವರು ಹೆಸರು ಕೇಳಿಕೊಂಡು ಬರುವುದು ನಮ್ಮಲ್ಲಿ ಉಂಟು.
ಇಲ್ಲ ಅನ್ನಬಾರದು.
ಆಕೆಗೂ ಅದು ಇನ್ಯಾರದೋ ಬಳುವಳಿ.
ಹಕ್ಕಿ ಬಾರದ ಊರಿಗೆ ಹೆಸರೊಂದೇ
ಹೆಣ್ಣಿಂದ ಹೆಣ್ಣಿಗೆ
ವಲಸೆ ಬರುತ್ತಲೇ ಇತ್ತು.

ನನಗೆ ಐವತ್ತಮೂರು. ಮೇ ತಿಂಗಳು. ಮೂರು ದಿನದಿಂದ ಆಗ್ನೇಯದ ಗಾಳಿ.
ಡ್ಯೂಪಿವೋಗುರ್‌ನ ಮೀನು ಕಾರ್ಖಾನೆ,
ಮುಳ್ಳು ತೆಗೆಯುವ ಸರದಿ.
ಲಾರಿಗೆಂದು ಬಾಗಿಲು ಎತ್ತಿದ್ದೇ ತಡ
ಏನೋ ಒಳಗೆ ಬಂತು,
ಯಾರೋ ಎಸೆದ ಕತ್ತರಿಯ ಹಾಗೆ.
ಬೆನ್ನು ನೀಲಿಗಪ್ಪು, ಗಂಟಲಲ್ಲಿ ತುಕ್ಕಿನ ಕೆಂಪು.
ಟ್ಯೂಬ್‌ಲೈಟಿನ ಕೆಳಗೆ ಎರಡು ಸುತ್ತು.

‘ಯಾಸ್ಕೂವ್ಕಾ,’ ಅಂದಳು ಪಕ್ಕದ ಬೊಗುಮಿವಾ,
ಒಮ್ಮೆ ನೋಡಿ, ಮತ್ತೆ ಮೀನಿಗೆ ಬಗ್ಗಿ.
‘ಪೋಲೆಂಡಿನಲ್ಲಿ ನಮ್ಮ ಕೊಟ್ಟಿಗೆಯಲ್ಲೇ ಹತ್ತು ಗೂಡು.
ಹಾಲು ಕರೆಯುವಾಗ ನೆತ್ತಿಯ ಮೇಲೆ ಹಿಕ್ಕೆ.’
ನಾನು ಕೈಗವಸು ಕಳಚಿದೆ. ಯಾಕೋ ಗೊತ್ತಿಲ್ಲ.
ಮುಳ್ಳಿದ್ದ ಹಾಗೇ ಮೀನು ಮುಂದೆ ಹೋಯಿತು,
ಹೋಳು, ಮತ್ತೆ ಹೋಳು.
‘ಸ್ವಾಲಾ!’
ಮೇಸ್ತ್ರಿ ಗುನ್‌ಸ್ಟೇನ್ ಕೂಗಿದ.
ಹಕ್ಕಿಯನ್ನು ಕರೆಯುತ್ತಿದ್ದಾನೆ ಅಂದುಕೊಂಡೆ.

ಕೆಲಸ ಬಿಟ್ಟು ಹೊರಬಂದರೆ ಚಪ್ಪರದ ತಂತಿಯ ಮೇಲಿತ್ತು,
ಅಂಚೆಯಲ್ಲಿ ಬಂದ ಕಾಗದದಷ್ಟೇ ತೂಕ.
ಹತ್ತಿರ ಹೋಗಿ ಮೆಲ್ಲಗೆ ಕರೆದೆ, ನನ್ನ ಹೆಸರಿಂದ.
ತಿರುಗಲಿಲ್ಲ. ರೆಕ್ಕೆಯ ಅಡಿ ಕೊಕ್ಕು ಹಾಕಿ ಏನೋ ಹುಡುಕಿತು.
ಸರಿಯೇ, ಅದಕ್ಕೆ ತಾನು ಸ್ವಾಲಾ ಎಂದು
ಯಾರೂ ಹೇಳಿರಲಿಲ್ಲ.

ರಾತ್ರಿ ಎರ್ಲಾಗೆ ಫೋನ್ ಮಾಡಿದೆ.
‘ನನ್ನವರು ಬಂದರು.’
ಆ ಕಡೆ ನಲ್ಲಿ ನಿಂತ ಸದ್ದು.
‘ಎಷ್ಟು ಜನ?’
‘ಒಬ್ಬರೇ.’
‘ಕಾಫಿ ಕೊಟ್ಟೆಯಾ?’

ಮೂರು ದಿನ ಮೀನುತಲೆಯ ನೊಣದಲ್ಲಿ ಬದುಕಿತು.
ನಾಲ್ಕನೆಯ ಬೆಳಗ್ಗೆ ನೆಲಕ್ಕೆ ಹಿಮದ ಹುಡಿ, ತಂತಿ ಖಾಲಿ.
ಹಾರಿತು ಅಂದರು ಎಲ್ಲ.
ಚಪ್ಪರದ ಕೆಳಗೆ ನಾನು ಹುಡುಕಲಿಲ್ಲ.

ಈಗ ಬೊಗುಮಿವಾ ನನ್ನನ್ನು ಕರೆಯುವುದೇ ಹಾಗೆ:
‘ಯಾಸ್ಕೂವ್ಕಾ, ತೋಳು ಮಡಚು, ಬೆಲ್ಟಿಗೆ ಸಿಕ್ಕೀತು.’
ಗುನ್‌ಸ್ಟೇನ್ ಎರಡು ಸಲ ಕೂಗಬೇಕು.
ಇವಳಿಗೆ ಮಾತ್ರ
ಒಂದೇ ಸಲಕ್ಕೆ ತಿರುಗುತ್ತೇನೆ.